ಬಿನ್ನಿಪೇಟೆಯನ್ನು ಕಾಣದ ಕಲಾ ಸಂಗ್ರಹಾಲಯ

ಕಲಾ ಸಂಗ್ರಹಾಲಯಗಳು ಜನರತ್ತ ಹೊರಳಿದ ಕಥೆಯನ್ನು ಬೆಂಗಳೂರಿನಲ್ಲಿ ಈಗ ಹೇಳುವವರು ಬಹುಮಟ್ಟಿಗೆ 2023ರಿಂದ ಶುರುಮಾಡುತ್ತಾರೆ. ಆ ವರ್ಷದ ಫೆಬ್ರವರಿಯಲ್ಲಿ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆರೆಯಿತು. ಅದರ ಕಾರ್ಯಾಗಾರಗಳು, ಅಂಗವಿಕಲರ ಬಗ್ಗೆ ಅದು ತೋರಿದ ಕಾಳಜಿ ಮೆಚ್ಚುವಂಥವೇ. ತಪ್ಪಿರುವುದು ಆ ಸಂಸ್ಥೆಯಲ್ಲಲ್ಲ. ಅದಕ್ಕೂ ಮೊದಲು ಏನೂ ನಡೆದಿರಲಿಲ್ಲವೆಂಬ ತಿಳಿವಳಿಕೆಯಲ್ಲಿ, ಸಮುದಾಯವೆಂದರೆ ಒಳಬಂದವರ ತಲೆಯೆಣಿಕೆ ಎಂಬ ಭಾವನೆಯಲ್ಲಿ. ಮಾಗಡಿ ರಸ್ತೆ ಮೆಟ್ರೊ ನಿಲ್ದಾಣದಿಂದ, ಈ ಸಂಗ್ರಹಾಲಯಕ್ಕೆ ಹತ್ತಿರದ ಕಬ್ಬನ್ ಪಾರ್ಕ್ ಐದನೆಯ ನಿಲ್ದಾಣ. ಆ ರಸ್ತೆಯ ಬಳಿ ಬಟ್ಟೆ ಗಿರಣಿಯೊಂದರ ಸುತ್ತ ಬೆಳೆದ ಬಿನ್ನಿಪೇಟೆಯ ಹುಡುಗಿಯೊಬ್ಬಳಿಗೆ ಅದೇನೂ ದೂರವಲ್ಲ. ಅಲ್ಲಿಗೆ ಹೋದ ಮೇಲೆ ತನ್ನದೆಂದು ಆಕೆ ಗುರುತು ಹಿಡಿಯುವಂಥದ್ದು ಏನಿದೆ ಎಂದು ಕೇಳಿಕೊಂಡೇ ಈ ಸಮೀಕ್ಷೆಗೆ ಹೊರಡಬೇಕು.

ಮೊದಲ ನೂರು ವರ್ಷಗಳನ್ನು ಬೇಗ ದಾಟಬಹುದು. 1865ರಲ್ಲಿ ಎಡ್ವರ್ಡ್ ಬಾಲ್ಫೋರ್ ಮುತುವರ್ಜಿಯಿಂದ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯ ಹುಟ್ಟಿತು. ಮುಂದೆ ಎಂಜಿನಿಯರ್ ಸ್ಯಾಂಕಿ ವಿನ್ಯಾಸದ ಕೆಂಪು ಕಟ್ಟಡಕ್ಕೆ ಬಂತು. 1915ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ತೆರೆಯಿತು. ಎರಡರಲ್ಲೂ ಜನರೆಂದರೆ ಬಂದು ನೋಡಿ ಕಲಿತು ಹೋಗಬೇಕಾದವರು. ಈ ದೃಷ್ಟಿಯ ಮಿತಿಯನ್ನು ಆ ಕೆಂಪು ಕಟ್ಟಡದೊಳಗಿನ ಆತಕೂರು ಶಾಸನವೇ ತೋರಿಸಿಕೊಡುತ್ತದೆ. ಹತ್ತನೆಯ ಶತಮಾನದ ಆ ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯ ಮೇಲೆರಗಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ, ಬೇರೇನೂ ಬೇಡವೆಂದು ತನ್ನ ದೊರೆ ಬೂತುಗನಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ ಅದು. ಹಂದಿಯೊಡನೆ ಕಾದಾಡಿ ಅದು ಸತ್ತಾಗ ಊರಿನ ಗುಡಿಯೆದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಅದರ ಅರ್ಚಕನಾದ ಗೊರವನು ಉಣ್ಣಕೂಡದೆಂದು ಕಟ್ಟುಮಾಡಲಾಯಿತು. ಯಾರು ನೋಡಿಕೊಳ್ಳಬೇಕು, ಯಾವ ಆದಾಯದಿಂದ, ತಪ್ಪಿದರೆ ಏನು ಎಂಬುದೆಲ್ಲ ಕಲ್ಲಿನಲ್ಲೇ ಇದೆ. ಸಂಗ್ರಹಾಲಯ ಕಲ್ಲನ್ನು ತಂದು ಕಾಪಾಡಿತು, ಆ ಹೊಣೆಯ ಜಾಲವನ್ನು ಆತಕೂರಿನಲ್ಲೇ ಬಿಟ್ಟುಬಂತು.

ಸ್ವಾತಂತ್ರ್ಯಾನಂತರ ಸಂಸ್ಥೆಗಳು ಸಾಲಾಗಿ ಬಂದವು: 1960ರಲ್ಲಿ ಚಿತ್ರಕಲಾ ಪರಿಷತ್ತು, 1964ರಲ್ಲಿ ಲಲಿತಕಲಾ ಅಕಾಡೆಮಿ, 70ರ ದಶಕದ ನಡುವೆ ವೆಂಕಟಪ್ಪ ಚಿತ್ರಶಾಲೆ. ಆದರೆ ಕಲೆಗೂ ಊರಿಗೂ ನಿಜವಾದ ಬಳಕೆ ಬೆಳೆದದ್ದು ಇವುಗಳ ಆಡಳಿತದಿಂದಲ್ಲ, ಕಲಾವಿದರಿಂದ. ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆಯನ್ನು ಈ ಚರಿತ್ರೆಯ ಕೇಂದ್ರದಲ್ಲಿಡಬೇಕು. ಅಲ್ಲಿ ಚಿತ್ರ ಬರೆಯುವುದಕ್ಕೂ ನಾಟಕ, ಸಾಹಿತ್ಯ, ಚಳವಳಿಗಳಿಗೂ ನಡುವೆ ಗೋಡೆ ಇರಲಿಲ್ಲ. ಅನಂತರದ ತಲೆಮಾರು ಇದನ್ನು ಮುಂದಕ್ಕೊಯ್ದಿತು. 1999ರಲ್ಲಿ ಎನ್. ಪುಷ್ಪಮಾಲಾ ರೂಪಿಸಿದ ‘ಸ್ಥಳಪುರಾಣಗಳು’ ಯೋಜನೆ ಕಲಾಕೃತಿಯನ್ನು ಗ್ಯಾಲರಿಯಿಂದ ಹೊರಗೆ ತಂದು ನಗರದ ಜಾಗಗಳ ನೆನಪಿನೊಂದಿಗೆ ಬೆಸೆಯಿತು. 2016ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ದತ್ತು ಯೋಜನೆಯಡಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವ ಒಪ್ಪಂದದ ವಿರುದ್ಧ ಕಲಾವಿದರು ಚಿತ್ರಶಾಲೆಯಲ್ಲೇ ಪ್ರದರ್ಶನ, ಸಭೆಗಳನ್ನು ನಡೆಸಿದರು. ಅದನ್ನು ಬದಲಾವಣೆಗೆ ಒಗ್ಗದವರ ಹಟವೆಂದು ಕರೆದವರಿದ್ದಾರೆ. ಆ ಓದು ಸರಿಯಲ್ಲ. ಕಡಿಮೆ ಬಾಡಿಗೆಗೆ, ಹೆಸರಿಲ್ಲದ ಕಲಾವಿದನಿಗೂ ಸಿಗುತ್ತಿದ್ದ ಗೋಡೆ ಯಾರದು ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಸಂಗ್ರಹಾಲಯವನ್ನು ತನ್ನದೆಂದು ಸಮುದಾಯವೊಂದು ಬೀದಿಗಿಳಿದು ಹೇಳಿದ ಅಂಥ ಇನ್ನೊಂದು ಉದಾಹರಣೆ ನಮ್ಮ ರಾಜ್ಯದಲ್ಲಿ ಸುಲಭವಾಗಿ ಸಿಗದು. ಆದರೆ ಆ ಸಮುದಾಯ ಬಹುಪಾಲು ಕಲಾವಿದರದೇ ಆಗಿತ್ತು ಎಂಬುದನ್ನೂ ಒಪ್ಪಬೇಕು.

ಕಲಾವಿದರಲ್ಲದವರೂ ಇಂಥ ಕೆಲಸ ಮಾಡಬಲ್ಲರೆಂಬುದಕ್ಕೆ ಸಾಕ್ಷಿ ಹೆಬ್ಬಾಳದಲ್ಲಿದೆ. ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಪತ್ತೆಯಾದಾಗ ಪಿ.ಎಲ್. ಉದಯಕುಮಾರ್ ಮತ್ತು ಆಸಕ್ತ ನಾಗರಿಕರು ಅದನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯಕ್ಕೆ ಸಾಗಿಸಲಿಲ್ಲ. ಊರಿನವರೊಡನೆ ಸೇರಿ ಅಲ್ಲಿಯೇ ಮಂಟಪ ಕಟ್ಟಿಸಿದರು. ಹೊರಗಿನ ಜಗತ್ತಿನಲ್ಲಿ ಬಿನ್ನಿಪೇಟೆಗೆ ಹತ್ತಿರದ ಹೋಲಿಕೆ ಫ್ರಾನ್ಸಿನ ಲೆ ಕ್ರೂಸೊ. ಷ್ನೈಡರ್ ಕಾರ್ಖಾನೆಯ ನೆರಳಲ್ಲಿ ಬೆಳೆದ ಆ ಊರಲ್ಲಿ 1970ರ ದಶಕದಲ್ಲಿ ಇಡೀ ಪಟ್ಟಣವನ್ನೇ ಸಂಗ್ರಹಾಲಯವೆಂದು ಭಾವಿಸಿ, ಕಾರ್ಮಿಕ ಕುಟುಂಬಗಳ ನೆನಪುಗಳನ್ನು ಅದರ ಭಾಗವಾಗಿಸಿದರು. ಮುಂಬೈಯ ಗಿರಣಿಗಳ ಸೀಮೆಗೆ ತಾಗಿರುವ ಬೈಕುಲ್ಲಾದಲ್ಲಿ ಭಾವು ದಾಜಿ ಲಾಡ್ ಸಂಗ್ರಹಾಲಯ ಜೀರ್ಣೋದ್ಧಾರದ ನಂತರ ಮರಾಠಿಯಲ್ಲೂ ಕಾರ್ಯಕ್ರಮ ನಡೆಸಿತು. ಭಾಷೆಯ ಈ ಮಾತು ಚಿಕ್ಕದಲ್ಲ. ಬೆಂಗಳೂರಿನ ಕಲಾ ಚರ್ಚೆ ಇಂಗ್ಲಿಷಿನಲ್ಲಿ ನಡೆದು ಕನ್ನಡಕ್ಕೆ ಬರುವಾಗ ಫಲಕದ ಅನುವಾದವಾಗಿ ಮಾತ್ರ ಉಳಿಯುತ್ತದೆ.

ಈಗ ಬಿನ್ನಿಪೇಟೆಗೆ ಬರೋಣ. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಬಿನ್ನಿ ಕಂಪನಿಯ ಕೈಸೇರಿ ಈ ಬಡಾವಣೆಗೆ ಹೆಸರು ಕೊಟ್ಟಿತು. ಕಂಬಳಿ, ಸಮವಸ್ತ್ರದ ಬಟ್ಟೆಗಳ ಜೊತೆಗೆ ಬಿನ್ನಿ ರೇಷ್ಮೆ ಸೀರೆ ಮನೆಮನೆಯ ಮಾತಾಗಿತ್ತು. ಆ ಅಚ್ಚಿನ ಸೀರೆಯ ಹೂಬಳ್ಳಿಗಳನ್ನು, ಅಂಚಿನ ಬಣ್ಣಗಳನ್ನು ಯಾರೋ ಕಾಗದದ ಮೇಲೆ ಬರೆದಿದ್ದರು, ಯಾರೋ ಬಣ್ಣ ಬೆರೆಸಿದ್ದರು. ಮಾಗಡಿ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ಕಟೌಟುಗಳನ್ನು ಏಣಿ ಹತ್ತಿ ಬರೆದವರಿದ್ದರು. ಪಕ್ಕದ ಕಾಟನ್‌ಪೇಟೆಯಲ್ಲಿ ಕರಗದ ಮೆರವಣಿಗೆ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಇಷ್ಟೆಲ್ಲ ದೃಶ್ಯಸಂಪತ್ತಿರುವ ಈ ಭಾಗಕ್ಕೆ ನಮ್ಮ ಸರ್ಕಾರಿ ಕಲಾ ಸಂಗ್ರಹಾಲಯಗಳಲ್ಲಿ ಒಂದು ಕೋಣೆಯೂ ಇಲ್ಲ.

ಇವನ್ನೆಲ್ಲ ಸಂಗ್ರಹಿಸುವುದು ಸಮಾಜಶಾಸ್ತ್ರದ ಕೆಲಸ, ಕಲೆಯದಲ್ಲ ಎಂಬ ಆಕ್ಷೇಪ ಏಳುತ್ತದೆ. ಆದರೆ ಅಹಮದಾಬಾದಿನ ಕ್ಯಾಲಿಕೊ ಸಂಗ್ರಹಾಲಯ 1949ರಲ್ಲೇ ಬಟ್ಟೆಯನ್ನು ಕಲೆಯೆಂದು ಎತ್ತಿ ತೋರಿಸಿದೆ. ಚಿತ್ರಶಾಲೆಗೆ ಹೆಸರು ಕೊಟ್ಟ ನಮ್ಮ ಕಲಾವಿದ ವೆಂಕಟಪ್ಪನವರೂ ಚಿತ್ರಗಾರ ಕುಶಲಕರ್ಮಿಗಳ ಮನೆತನದಿಂದ ಬಂದವರು. ಮಿಲ್ ಹೋಯಿತು, ಅದರ ನೆಲದಲ್ಲಿ ಅಪಾರ್ಟ್‌ಮೆಂಟು, ಮಾಲ್ ಎದ್ದಿವೆ, ಈಗ ಯಾವ ಸಮುದಾಯ ಎಂಬುದು ಇನ್ನೊಂದು ಆಕ್ಷೇಪ. ಇದು ಹೆಚ್ಚು ತೂಕದ್ದು. ಆದರೆ ಮಿಲ್ ಮುಚ್ಚಿದೊಡನೆ ಕಾರ್ಮಿಕರ ಮನೆಗಳು ಮಾಯವಾಗುವುದಿಲ್ಲ. ಸೀರೆಗಳು ಪೆಟ್ಟಿಗೆಗಳಲ್ಲಿವೆ, ಮಕ್ಕಳು ಮೊಮ್ಮಕ್ಕಳು ಗೋಪಾಲಪುರ, ರಾಜಾಜಿನಗರ, ವಿಜಯನಗರಗಳಲ್ಲಿದ್ದಾರೆ. ಹೊಸದಾಗಿ ಬಂದ ನಿವಾಸಿಗೂ ತಾನಿರುವ ನೆಲದ ಪರಿಚಯ ಬೇಡವೆ? ಇನ್ನು ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯ ಜನಸಾಗರವನ್ನು ತೋರಿಸಿ ಕಲೆ ಜನರನ್ನು ಮುಟ್ಟಿಬಿಟ್ಟಿದೆ ಎನ್ನುವವರಿದ್ದಾರೆ. ಸಂತೆ ಒಳ್ಳೆಯದು, ಎಷ್ಟೋ ಕಲಾವಿದರಿಗೆ ಅನ್ನ ಕೊಟ್ಟಿದೆ. ಆದರೆ ಅಲ್ಲಿ ಜನ ಕೊಳ್ಳುವವರು. ಏನನ್ನು ಸಂಗ್ರಹಿಸಬೇಕೆಂದು ಹೇಳುವ ಸ್ಥಾನ ಅವರಿಗಿಲ್ಲ.

2022ರಲ್ಲಿ ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿ ತನ್ನ ಹೊಸ ವ್ಯಾಖ್ಯೆಯಲ್ಲಿ ಸಮುದಾಯಗಳ ಪಾಲ್ಗೊಳ್ಳುವಿಕೆಯನ್ನು ಸೇರಿಸಿತು. ಅದನ್ನು ಪಾಲಿಸಲು ದೊಡ್ಡ ಹಣ ಬೇಕಿಲ್ಲ. ಪುರಾತತ್ವ ಇಲಾಖೆ, ಲಲಿತಕಲಾ ಅಕಾಡೆಮಿಗಳು ಬಿನ್ನಿಪೇಟೆಯಲ್ಲೇ ಬಾಡಿಗೆಗೆ ಒಂದು ಸಭಾಂಗಣ ಹಿಡಿಯಲಿ. ಮಿಲ್ಲಿನ ಸೀರೆ, ನಮೂನೆ, ಭಾವಚಿತ್ರಗಳನ್ನು ತೋರಿಸಲು ಹಳೆಯ ಕಾರ್ಮಿಕರ ಮನೆಯವರನ್ನು ಕರೆಯಲಿ, ಯಾವುದು ಗೋಡೆಗೇರಬೇಕೆಂಬ ತೀರ್ಮಾನದಲ್ಲಿ ಅವರನ್ನೂ ಕೂರಿಸಲಿ, ಮಾತುಕತೆ ಕನ್ನಡದಲ್ಲಿ, ತಮಿಳು ಉರ್ದುಗಳಲ್ಲಿ ನಡೆಯಲಿ. ಮಿಲ್ಲಿನಲ್ಲಿ ದುಡಿದ ಕೊನೆಯ ತಲೆಮಾರು ಈಗ ವೃದ್ಧರದು. ಈ ಕೆಲಸವನ್ನು ಮುಂದಕ್ಕೆ ಹಾಕಬಾರದು.