ಅಶಕ್ತರ ಪೋಷಣೆ

ನಮ್ಮ ಬೆಂಗಳೂರಿನಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಬಹುಕಾಲದಿಂದ ಹೆರಿಗೆಯ, ಶಸ್ತ್ರಚಿಕಿತ್ಸೆಯ ಮನೆ. ಇಂಗ್ಲಿಷ್ ನಾಡುಗಳಲ್ಲಿ ಅದೇ ಹೆಸರು ವೃದ್ಧರು ಕೊನೆಯ ದಿನಗಳನ್ನು ಕಳೆಯುವ ಮನೆಗೆ ಸಲ್ಲುತ್ತದೆ. ಬಸವನಗುಡಿಯ ಮಗ್ಗುಲಿನ ವಿಶ್ವೇಶ್ವರಪುರದಲ್ಲಿ ವೃದ್ಧರಿಗೆ ಆಶ್ರಯವಿತ್ತ ಸಂಸ್ಥೆಗೆ ಹಿರಿಯರು ಇಟ್ಟ ಹೆಸರು ‘ಅಶಕ್ತ ಪೋಷಕ ಸಭಾ’. ನನಗೆ ಈ ಹೆಸರೇ ಹೆಚ್ಚು ಒಪ್ಪಿಗೆ. ಇದರಲ್ಲಿ ರೋಗದ ಮಾತಿಲ್ಲ, ವಯಸ್ಸಿನ ಮಾತೂ ಇಲ್ಲ. ಕೈಲಾಗದವರಿದ್ದಾರೆ, ಪೋಷಿಸಬೇಕು, ಅಷ್ಟೆ.

1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆರೋಗ್ಯದ ಹೆಸರಿನಲ್ಲಿ: ಅಗಲವಾದ ಬೀದಿ, ಗಾಳಿ, ಬೆಳಕು. 1900ರಲ್ಲಿ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದನು. ಇವೆಲ್ಲ ದಾಖಲೆಯಲ್ಲಿವೆ. ಆ ಹೊಸ ಮನೆಗಳ ನಡುಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿ, ರಾತ್ರಿ ಎರಡೆರಡು ಸಲ ಎದ್ದ ಸೊಸೆಯ, ವಿಧವೆ ಮಗಳ ಲೆಕ್ಕ ಗೆಜೆಟಿಯರಿಗೆ ಬರುವಂಥದಲ್ಲ. ಅವಿಭಕ್ತ ಕುಟುಂಬವನ್ನು ಹೊಗಳುವವರು ಬಹುಮಟ್ಟಿಗೆ ಹೊಗಳುವುದು ಕೂಲಿಯಿಲ್ಲದ ಈ ದುಡಿಮೆಯನ್ನೇ.

ಅದೀಗ ಎಷ್ಟೋ ಮನೆಗಳಲ್ಲಿ ಸಂಬಳದವರ ಕೈಗೆ ಬಂದಿದೆ. ಕಾನೂನುಗಳೂ ಬಂದುವು. 1976ರಲ್ಲಿ ಖಾಸಗಿ ನರ್ಸಿಂಗ್ ಹೋಂಗಳ ಕಾಯಿದೆ. 2007ರಲ್ಲಿ ಅದರ ಜಾಗಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ. ಅದೇ ವರ್ಷ ಕೇಂದ್ರದ ಹಿರಿಯ ನಾಗರಿಕರ ಕಾಯಿದೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ವೃದ್ಧರಿಗೆ ಸ್ಥಳ ಎಂದಿತು. ಬೇಕಾದವೇ. ಆದರೆ ಮಂಚ ಎಣಿಸುವುದು ಸುಲಭ. ನಾನು ವಿಚಾರಿಸುವುದು ಬೇರೆ: ನೀರಿನ ಲೋಟ ಕೈಗೆಟಕುವಂತಿದೆಯೆ? ಮಲಗಿದಲ್ಲೇ ಇರುವವರನ್ನು ಹೊತ್ತುಹೊತ್ತಿಗೆ ಮಗ್ಗುಲಾಗಿಸುತ್ತಾರೆಯೆ? ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಕಾಫಿ ಬಿಸಿಯಾಗಿ ಬರುತ್ತದೆಯೆ? ರಾತ್ರಿ ಕರೆದರೆ ಬರುವ ಆಯಾಳಿಗೆ ಹಗಲು ನಿದ್ದೆಗೆ ಬಿಡುವುಂಟೆ?