ಅಟ್ಟದಿಂದ ಫ್ರಿಜ್ಜಿಗೆ: ನಮ್ಮ ಹಣ್ಣುಗಳ ಪಯಣ

‘ಹಸಿದು ಹಲಸು, ಉಂಡು ಮಾವು’ ಎಂದರು ನಮ್ಮ ಹಿರಿಯರು. ತಿನ್ನುವ ಕ್ರಮವನ್ನಷ್ಟೇ ಅಲ್ಲ, ಹಣ್ಣನ್ನು ಕೆಡದಂತೆ ಕಾಪಾಡುವ ಕ್ರಮವನ್ನೂ ಅವರು ಬಲ್ಲವರಾಗಿದ್ದರು. ಆ ತಿಳಿವಳಿಕೆಗೂ ಒಂದು ಚರಿತ್ರೆಯಿದೆ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿಯ ಮಾವು, ಹಲಸು, ನಿಂಬೆ, ಕಿತ್ತಳೆ ಮರಗಳ ತೋಪುಗಳನ್ನು ವರ್ಣಿಸಿದ್ದಾನೆ. ಅವನ ದೇಶದವರ ಹಡಗುಗಳಲ್ಲಿಯೇ ಅಮೆರಿಕ ಖಂಡದ ಅನಾನಸು, ಗೇರು, ಪಪ್ಪಾಯಿಗಳು ನಮ್ಮ ಕರಾವಳಿಗೆ ಬಂದವು. ಪಪ್ಪಾಯಿಯನ್ನು ನಾವು ಇಂದಿಗೂ ‘ಪರಂಗಿ ಹಣ್ಣು’ ಎನ್ನುತ್ತೇವೆ. ಇತ್ತ ಕೊಲ್ಲಿಯ ಅರಬರು ಮಾವನ್ನು ‘ಹಂಬಾ’ ಎನ್ನುತ್ತಾರೆ. ಅದು ನಮ್ಮ ನಾಡಿನ ‘ಅಂಬಾ’ ಕಡಲು ದಾಟಿದ ರೂಪ.

ಹಣ್ಣಿನ ಕಾಲ ಎರಡು ಮೂರು ತಿಂಗಳು ಮಾತ್ರ. ಆದ್ದರಿಂದ ಕರಾವಳಿ, ಮಲೆನಾಡುಗಳ ಗೃಹಿಣಿಯರು ಬಲಿತ ಮಾವನ್ನು ಅಟ್ಟದ ಮೇಲೆ ಒಣಹುಲ್ಲಿನಲ್ಲಿ ಅಡೆ ಹಾಕಿದರು. ಹಲಸಿನ ಕಾಯಿಸೊಳೆಯನ್ನು ಉಪ್ಪು ಬೆರೆಸಿ ಭರಣಿಯಲ್ಲಿಟ್ಟರು. ಮಾವಿನ ರಸವನ್ನು ಪದರ ಪದರವಾಗಿ ಬಿಸಿಲಿನಲ್ಲಿ ಒಣಗಿಸಿ ಮಾಂಬಳ ಮಾಡಿದರು. ಇದರ ಹಿಂದಿನ ವಿಜ್ಞಾನ ತಿಳಿದದ್ದು ಬಹಳ ತಡವಾಗಿ. ಮಾಗುವ ಹಣ್ಣು ತಾನೇ ಎಥಿಲೀನ್ ಅನಿಲವನ್ನು ಹೊರಬಿಡುತ್ತದೆಂದು ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿದ್ದು 1934ರಲ್ಲಿ. ಹುಲ್ಲು ಆ ಅನಿಲವನ್ನೂ ಬೆಚ್ಚನೆಯನ್ನೂ ಹಿಡಿದಿಡುತ್ತದೆ. ಉಪ್ಪು, ಬಿಸಿಲುಗಳು ರೋಗಾಣುಗಳಿಗೆ ಬೇಕಾದ ನೀರನ್ನು ಕಸಿಯುತ್ತವೆ.

ದೋಹಾ ಅಲ್ ಜದೀದಾದ ನಮ್ಮ ಫ್ಲಾಟುಗಳಲ್ಲಿ ಅಟ್ಟವೂ ಇಲ್ಲ, ಹುಲ್ಲೂ ಇಲ್ಲ. ಎಲ್ಲವನ್ನೂ ಫ್ರಿಜ್ಜಿಗೆ ತುಂಬುತ್ತೇವೆ. ಆದರೆ ಸುಮಾರು 12 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕಾಯಿಮಾವು ಸರಿಯಾಗಿ ಮಾಗದು. ಸಿಪ್ಪೆ ಕಪ್ಪಾಗಿ ರುಚಿ ಕೆಡುತ್ತದೆ. ಕಾಗದದಲ್ಲಿ ಸುತ್ತಿ, ಒಂದು ಮಾಗಿದ ಬಾಳೆಹಣ್ಣಿನ ಜೊತೆ ಹೊರಗಿಡಿ. ಹಣ್ಣಾದ ಮೇಲೆ ಒಳಗಿಡಿ. ಹೆಚ್ಚಿದ ಹಣ್ಣನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ; ಇಲ್ಲಿಯ ಬೇಸಿಗೆಯ ಬಿಸಿಯಲ್ಲಿ ಒಂದೇ ಗಂಟೆ. ಊರಿನಿಂದ ತಂದ ಉಪ್ಪುಸೊಳೆಯನ್ನು ಚೆನ್ನಾಗಿ ನೆನೆಸಿ, ನೀರು ಚೆಲ್ಲಿ ಬಳಸಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವಿರುವವರು ಇದನ್ನು ಮರೆಯಬಾರದು.

2017ರ ಜೂನ್ 5ರಂದು ನೆರೆಯ ದೇಶಗಳು ಸಂಬಂಧ ಕಡಿದುಕೊಂಡು ಭೂಗಡಿ ಮುಚ್ಚಿದಾಗ ಇಲ್ಲಿಯ ಅಂಗಡಿಗಳಿಗೆ ಜನ ಮುಗಿಬಿದ್ದರು. ಕೂಡಿಡುವ ವಿದ್ಯೆ ಬರೀ ಹಳೆಯ ಕಾಲದ ಮಾತಲ್ಲವೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು. ಆ ವಿದ್ಯೆ ಇರುವುದು ನಮ್ಮ ತಾಯಂದಿರ, ಅಜ್ಜಿಯರ ಕೈಯಳತೆಯಲ್ಲಿ, ಪುಸ್ತಕದಲ್ಲಲ್ಲ. ಈ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅವರ ಪಕ್ಕದಲ್ಲಿ ಕುಳಿತು, ಎಷ್ಟು ಸೊಳೆಗೆ ಎಷ್ಟು ಉಪ್ಪು ಎಂಬುದನ್ನು ಕೇಳಿ ಬರೆದುಕೊಂಡು ಬರೋಣ.