ಬ್ರೂಕ್‌ಫೀಲ್ಡಿನ ರಜಾದಿನ

ಬೆಂಗಳೂರಿನ ಮೂಡಣ ಭಾಗದಲ್ಲಿ, ಕುಂದಲಹಳ್ಳಿ ಗೇಟಿನಿಂದ ಹೊರಟು ಗ್ರಾಫೈಟ್ ಇಂಡಿಯಾ ಸಿಗ್ನಲಿನತ್ತ ಸಾಗುವ ಹಾದಿಯ ಇಕ್ಕೆಲಗಳಲ್ಲಿ ಹಬ್ಬಿರುವ ಬಡಾವಣೆಗಳಿಗೆ ಬ್ರೂಕ್‌ಫೀಲ್ಡ್ ಎಂಬ ಹೆಸರು ರೂಢಿಯಾಗಿದೆ. ಊರೆಂದ ಮೇಲೆ ರಥಬೀದಿ, ಸಂತೆಮಾಳ, ಅರಳಿಕಟ್ಟೆಗಳು ಇರಬೇಕೆಂದು ನಂಬಿ ಬಂದವನು ಇಲ್ಲಿ ನಿರಾಶನಾಗುವನು; ಅಂಥವು ಸುತ್ತಣ ಹಳ್ಳಿಗಳ ಪಾಲಿಗೆ ಸೇರಿದವು. ಸಿಗ್ನಲಿಗೆ ಹೆಸರಿತ್ತ ಗ್ರಾಫೈಟ್ ಕಾರ್ಖಾನೆಯು 2019ರಲ್ಲಿ ಬಾಗಿಲು ಮುಚ್ಚಿತಾದರೂ ಹೆಸರು ಮಾತ್ರ ಅಲ್ಲಿಯೇ ನಿಂತಿದೆ.

ಪ್ರದೇಶವು ಹೊಸತಾದರೂ ಸೀಮೆಯು ಹಳೆಯದು. ಹತ್ತಿರದ ಕಾಡುಗೋಡಿಯ ಕಾಶಿವಿಶ್ವೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 1043ರದೆಂದು ಗುರುತಿಸಲ್ಪಟ್ಟ ರಾಜೇಂದ್ರ ಚೋಳನ ಕಾಲದ ಶಾಸನವು ಪಟ್ಟಂದೂರಿನ ಕೆರೆಯ ನಿರ್ಮಾಣವನ್ನು ಹೇಳುತ್ತದೆ. 1882ರಲ್ಲಿ ಮೈಸೂರಿನ ದೊರೆ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಸಂಘದವರಿಗೆ 3,900 ಎಕರೆ ನೆಲವನ್ನು ಅನುಗ್ರಹಿಸಿದುದರಿಂದ ನೆರೆಯ ವೈಟ್‌ಫೀಲ್ಡ್ ಹುಟ್ಟಿತು. ಮುಂದೆ 1990ರ ದಶಕದಲ್ಲಿ ಅಲ್ಲಿಗೆ ಟೆಕ್ ಪಾರ್ಕು ಬಂದಿತು. ಅದರ ಹಿಂದೆಯೇ ಮನೆಗಳೂ ಬಾಡಿಗೆದಾರರೂ ಬಂದರು.

ಹೀಗೆ ಕೆಲಸದ ನಿಮಿತ್ತವಾಗಿಯೇ ಬೆಳೆದ ಊರು ಕೆಲಸವಿಲ್ಲದ ದಿನದಲ್ಲಿ ಏನು ಮಾಡುತ್ತದೆಂಬುದು ಅದರ ಚರಿತ್ರೆಯ ಮುಖ್ಯ ಭಾಗವೆಂದು ನಾನು ಬಲ್ಲೆ. ಬಹುಕಾಲ ಇಲ್ಲಿಯವರು 'ಸಿಟಿಗೆ ಹೋಗಿಬರುತ್ತೇವೆ' ಎಂದರೆ ಮಾರತಹಳ್ಳಿಯ ವಾಹನಸಂದಣಿಯಲ್ಲಿ ಅರ್ಧ ದಿನವನ್ನು ತೆತ್ತು ಬರುವುದೆಂದೇ ಅರ್ಥವಿತ್ತು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗೆ ಮೆಟ್ರೋ ಓಡತೊಡಗಿ, ಅದೇ ವರ್ಷದ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗಿನ ಮಾರ್ಗದ ಕೊರತೆಯೂ ತುಂಬಿದ ಮೇಲೆ, ಕುಂದಲಹಳ್ಳಿ ನಿಲ್ದಾಣದಲ್ಲಿ ಹತ್ತಿದವನು ಕಬ್ಬನ್ ಪಾರ್ಕಿನಲ್ಲಿ ಇಳಿದು, ವೆಂಕಟಪ್ಪ ಚಿತ್ರಶಾಲೆಯನ್ನೂ, ಕಸ್ತೂರ್ಬಾ ರಸ್ತೆಯಲ್ಲಿ ಅದೇ ವರ್ಷ ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವನ್ನೂ ನಡೆದೇ ಸೇರಬಹುದಾಯಿತು.

ಆದರೆ ಕಲೆಯ ನಿಜವಾದ ಹಬ್ಬವೆಂದರೆ ಜನವರಿ ಮೊದಲಿನಲ್ಲಿ, ಕುಮಾರಕೃಪಾ ರಸ್ತೆಯಲ್ಲಿ ನೆರೆಯುವ ಚಿತ್ರಸಂತೆ. 1960ರಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಈ ಸಂತೆಯಲ್ಲಿ, ಚಿತ್ರಗಾರನು ತನ್ನ ಪಟಗಳನ್ನು ಬೀದಿಯ ಬದಿಯಲ್ಲಿ ನಿಲ್ಲಿಸಿ, ತಾನೂ ಅವುಗಳ ಪಕ್ಕದಲ್ಲಿ ನಿಂತಿರುತ್ತಾನೆ. ಕೊಳ್ಳುವವನು ಸೊಪ್ಪಿನ ಕಟ್ಟಿಗೆ ಚೌಕಾಶಿ ಮಾಡುವ ಧಾಟಿಯಲ್ಲಿಯೇ ಜಲವರ್ಣಕ್ಕೂ ಬೆಲೆ ಇಳಿಸಿ ಕೇಳುವನು. ಇದು ಕಲೆಗೆ ಅಪಚಾರವೆನ್ನುವವರುಂಟು. ನನಗೆ ಹಾಗೆ ತೋರದು. ಬಿಸಿಲಿನಲ್ಲಿ ನಿಂತು, ಕೇಳಿದವರಿಗೆಲ್ಲ ತನ್ನ ಕೆಲಸವನ್ನು ವಿವರಿಸುವ ಕಲಾವಿದನನ್ನು ಕಂಡ ಮಗುವಿಗೆ, ಚಿತ್ರವೆಂಬುದು ಮನುಷ್ಯನ ಕೈಯಿಂದ ಆಗತಕ್ಕದ್ದೆಂದು ತಿಳಿಯುವುದೇ ದೊಡ್ಡ ಲಾಭ.

ಮರಳುವಾಗ ಸಿಂಗಯ್ಯನಪಾಳ್ಯ ನಿಲ್ದಾಣದಲ್ಲಿ ಇಳಿದರೆ ಮಾಲುಗಳು. ಅಲ್ಲಿನ ವಿ.ಆರ್. ಬೆಂಗಳೂರು ಎಂಬ ಕಟ್ಟಡದವರು ವೈಟ್‌ಫೀಲ್ಡ್ ಆರ್ಟ್ ಕಲೆಕ್ಟಿವ್ ಎಂಬ ಕಲೋತ್ಸವವನ್ನು ನಡೆಸುವುದುಂಟು. ಚಪ್ಪಲಿ ಕೊಳ್ಳಲು ಬಂದವನು ಶಿಲ್ಪವೊಂದರ ಎದುರು ಕ್ಷಣಕಾಲ ತಡೆದು ನಿಂತರೆ ಅದೂ ಸತ್ಫಲವೇ. ಉಳಿದಂತೆ ಮಾಲುಗಳ ಬಗೆಗೆ ಬರೆಯತಕ್ಕದ್ದು ವಿಶೇಷವಾಗಿ ಇಲ್ಲ. ಒಂದನ್ನು ಕಂಡರೆ ಎಲ್ಲವನ್ನೂ ಕಂಡಂತೆ.

ಸಂಜೆಯ ಪಾಲು ನಾಟಕದ್ದು. ನಗರದ ನಡುವಿನಿಂದ ಎರವಲು ತರದೆ ಈ ಸೀಮೆ ತನ್ನಲ್ಲಿಯೇ ಪಡೆದ ಭಾಗ್ಯ ಇದೊಂದೇ. 1982ರಲ್ಲಿ ನಾಟಕತಂಡವೊಂದನ್ನು ಕಟ್ಟಿ ನಡೆಸುತ್ತ ಬಂದ ಅರುಂಧತಿ ರಾಜಾ ಮತ್ತು ಜಗದೀಶ್ ರಾಜಾ ದಂಪತಿಗಳು, 2011ರಲ್ಲಿ ವರ್ತೂರು ರಸ್ತೆಯ ರಾಮಗೊಂಡನಹಳ್ಳಿಯಲ್ಲಿ 'ಜಾಗೃತಿ' ರಂಗಮಂದಿರವನ್ನು ತೆರೆದರು. ಸುಮಾರು ಇನ್ನೂರು ಆಸನಗಳು. ವೇದಿಕೆಯು ಮುಂದಕ್ಕೆ ಚಾಚಿಕೊಂಡಿದ್ದು, ಪ್ರೇಕ್ಷಕರು ಅದನ್ನು ಮೂರು ಕಡೆಗಳಿಂದ ಬಳಸಿ ಕುಳಿತಿರುತ್ತಾರೆ. ನಟನು ಪಿಸುನುಡಿದರೂ ಕಡೆಯ ಸಾಲಿಗೆ ಕೇಳಿಸುವಷ್ಟು ಸಮೀಪ.

ಇಲ್ಲಿ ನಡೆಯುವ ಆಟಗಳು ಹೆಚ್ಚಾಗಿ ಇಂಗ್ಲಿಷಿನವು. ಆದುದರಿಂದ ಕನ್ನಡ ನಾಟಕಕ್ಕೆ ಆಸೆಪಟ್ಟವನು 2004ರಲ್ಲಿ ಆರಂಭವಾದ ಜೆ.ಪಿ. ನಗರದ ರಂಗಶಂಕರಕ್ಕೋ ಹಳೆಯ ರವೀಂದ್ರ ಕಲಾಕ್ಷೇತ್ರಕ್ಕೋ ಇನ್ನೂ ಊರಿನ ಆಚೆಯ ಮಗ್ಗುಲಿಗೆ ಪಯಣ ಬೆಳೆಸಬೇಕು. ಹಾಗೆಂದು ಈ ಕಡೆಗೆ ಕನ್ನಡ ನಾಟಕ ಅಪರಿಚಿತವೇನಲ್ಲ: ಬೆಂಗಳೂರು, ಕೋಲಾರ ಸೀಮೆಯ ಹಳ್ಳಿಗಳಲ್ಲಿ, ಬಾಡಿಗೆಯ ಸೀನರಿ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಬೆಳಗಿನವರೆಗೆ ಕುರುಕ್ಷೇತ್ರ ನಾಟಕವನ್ನಾಡುವ ಪದ್ಧತಿ ಬಹಳ ಕಾಲದ್ದು. ಮೂರು ಕಡೆಯಿಂದ ಜನ ಮುತ್ತಿ ನೋಡುವ ರಂಗಸ್ಥಳವಂತೂ ಬಯಲಾಟದವರಿಗೆ ಹೊಸತೇ ಅಲ್ಲ. ಯಾವುದಾದರೊಂದು ರಜೆಯ ಸಂಜೆ ಹಳ್ಳಿಯ ದುರ್ಯೋಧನನು ಗದೆ ಹಿಡಿದು ಜಾಗೃತಿಯ ವೇದಿಕೆಯನ್ನೇರುವುದಾದರೆ, ಬ್ರೂಕ್‌ಫೀಲ್ಡಿನ ಬಾಡಿಗೆದಾರರೂ ರಾಮಗೊಂಡನಹಳ್ಳಿಯ ಮೂಲನಿವಾಸಿಗಳೂ ಒಂದೇ ಸಾಲಿನಲ್ಲಿ ಕೂರುವರು. ಇನ್ನೂರು ಆಸನಗಳು ಸಾಲದೆ ಹೊರಗೊಂದು ಚಪ್ಪರ ಹಾಕಿಸಬೇಕಾದೀತು.